ಹಳೆ ಪದ್ಮಿನಿಯಲ್ಲಿ ಧರ್ಮಸ್ಥಳ: ಆಗುಂಬೆ ಇಳಿಯೋದಾ, ಹತ್ತೋದಾ?

ಗಾಜನೂರಿನವ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತಗೊಂಡಿದ್ದು. ತುಂಬಾ ವರ್ಷ ಟಾರ್ಪಾಲು ಹೊದ್ದು ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಇಂಜಿನ್ ಬಿಚ್ಚಿಸಿ ರಿಂಗು, ಬೇರಿಂಗು, ಕ್ಲಚ್ ಪ್ಲೇಟು ಎಲ್ಲ ಹೊಸದು ಹಾಕಿಸಿದೆ. ಈಗ ತೀರ್ಥಹಳ್ಳಿವರೆಗೆ ಆರಾಮಾಗಿ ಹೋಗಿ ಬರುತ್ತಿದೆ.

ದೀಪಾವಳಿ ಕಳೆದ ಮೇಲೆ ಧರ್ಮಸ್ಥಳಕ್ಕೆ ಹೋಗೋಣ ಅಂತ. ಅಲ್ಲಿ ಮಂಜೂಷಾ ಮ್ಯೂಸಿಯಂನಲ್ಲಿ ಹಳೆ ಕಾರುಗಳಿವೆ, ಅಪ್ಪನಿಗೆ ಅದನ್ನೂ ತೋರಿಸಬೇಕು. ದಾರಿ ಹೀಗೆ ಅಂದುಕೊಂಡಿದ್ದೇನೆ: ತೀರ್ಥಹಳ್ಳಿ, ಆಗುಂಬೆ ಇಳಿದು ಹೆಬ್ರಿ, ಕಾರ್ಕಳ, ಧರ್ಮಸ್ಥಳ. ಬರುವಾಗ ಉಜಿರೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಬಾಳೆಹೊನ್ನೂರು, ಕೊಪ್ಪ. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಬ್ಯಾಗು.

ನನಗಿರೋ ಚಿಂತೆ ಒಂದೇ. ಚಾರ್ಮಾಡಿ ಹತ್ತುವಾಗ ಇಂಜಿನ್ ಕಾಯುತ್ತಾ? ರೇಡಿಯೇಟರ್ ದೊಡ್ಡದು ಹಾಕಿಸಬೇಕಾ? ಅಪ್ಪನನ್ನು ಕೇಳಿದರೆ "ಸುಮ್ನೆ ಹೊರಡೋ, ಅದು ದಾರಿ ಗೊತ್ತಿರೋ ಕಾರು" ಅಂತಾರೆ.

ಸಾಗರದ ಹುಡುಗ

ಮೊದಲು ಫೋಟೋ ಹಾಕಿ ಸರ್, ಆಮೇಲೆ ಮಾತು.

ಮೊದಲ ದೂರದ ಪ್ರಯಾಣಕ್ಕೆ ಜೋಗ ಸಾಕಲ್ವಾ? ಶಿವಮೊಗ್ಗ, ಸಾಗರ, ತಾಳಗುಪ್ಪ, ಜೋಗ. ಮಾವಿನಗುಂಡಿ ದಾಟಿ ಹೊನ್ನಾವರ ಕಡೆ ಇಳಿಯದಿದ್ದರೆ ಘಾಟಿಯ ತಂಟೆಯೇ ಇಲ್ಲ. ಸಿಗಂದೂರಿಗೂ 2025ರಲ್ಲಿ ಸೇತುವೆ ಆಯಿತು. ಲಾಂಚಿಗೆ ಕಾರು ಹತ್ತಿಸಿ ಇಳಿಸುವ ಕಷ್ಟ ಇಲ್ಲ. ಕಾರಿನ ಗುಣ ತಿಳಿಯೋಕೆ ಈ ದಾರಿ ಒಳ್ಳೆಯದು.

ಹಳೆ ಡ್ರೈವರ್

ಗಾಜನೂರಿನವರೇ, ನಿಮ್ಮ ದಾರಿ ಸರಿಯಿದೆ, ದಿಕ್ಕು ಉಲ್ಟಾ ಆಗಿದೆ.

ಎಲ್ಲರೂ ಹತ್ತೋದರ ಬಗ್ಗೆ ಹೆದರುತ್ತಾರೆ. ಹತ್ತುವಾಗ ಕಾರು ಕೈಕೊಟ್ಟರೆ ಏನಾಗುತ್ತೆ? ನಿಲ್ಲುತ್ತೆ. ಅಷ್ಟೇ. ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಎಲೆ ಅಡಿಕೆ ಹಾಕಿಕೊಂಡು ಕೂತರೆ ಅರ್ಧ ಗಂಟೆಗೆ ತಣ್ಣಗಾಗುತ್ತದೆ. ಇಳಿಯುವಾಗ ಕೈಕೊಟ್ಟರೆ ನಿಲ್ಲೋದಿಲ್ಲ. ನಿಮ್ಮ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಡಿಸ್ಕ್ ಇಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡೋದು ಒಂದೇ ಲೈನು. ಎಲ್ಲಾದರೂ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಉಳಿಯೋದು ಹ್ಯಾಂಡ್ ಬ್ರೇಕು ಮಾತ್ರ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಇಳಿಜಾರು ಕಡಿದು, ತಿರುವು ಬಿಗಿ. ಪ್ರತಿ ತಿರುವಿಗೂ ವೇಗ ಪೂರ್ತಿ ಇಳಿಸಲೇಬೇಕು. ಒಂದು ತಿರುವಿನಲ್ಲಿ ಕಾದ ಡ್ರಮ್ಮು ತಣಿಯುವ ಮೊದಲೇ ಮುಂದಿನದು ಬರುತ್ತದೆ. ಚಾರ್ಮಾಡಿ ಉದ್ದ ಜಾಸ್ತಿ, ಆದರೆ ಇಳಿಜಾರು ಹಂಚಿಕೊಂಡಿದೆ. ಸೆಕೆಂಡ್, ಥರ್ಡ್ ಗೇರಿನಲ್ಲಿ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೇ ನನ್ನ ಲೆಕ್ಕ: ಚಾರ್ಮಾಡಿಯಲ್ಲಿ ಇಳಿಯಿರಿ, ಆಗುಂಬೆಯಲ್ಲಿ ಹತ್ತಿರಿ.

ರೇಡಿಯೇಟರಿನ ದುಡ್ಡು ಬ್ರೇಕಿಗೆ ಹಾಕಿ. ಇಂಜಿನ್ ಬಿಚ್ಚಿಸಿದ್ದು ಹೇಳಿದಿರಿ, ಬ್ರೇಕಿನ ಮಾತೇ ಬರಲಿಲ್ಲವಲ್ಲ?

ಗಾಜನೂರಿನವ

ಬ್ರೇಕ್ ಶೂ ಚೆನ್ನಾಗಿವೆ ಅಂದರು ಗ್ಯಾರೇಜಿನಲ್ಲಿ. ಹಿಡಿಯುತ್ತದೆ ಕೂಡ. ಸಿಲಿಂಡರ್ ಬಿಚ್ಚಿಲ್ಲ.

ಹಳೆ ಡ್ರೈವರ್

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಶೂ ನೋಡಿ ಪ್ರಯೋಜನ ಇಲ್ಲ ಮಾರಾಯ್ರೆ. ಶೂವನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ (ಆಯಿಲ್ ಸೋರದ ಹಾಗೆ ತಡೆಯುವ ಸೀಲು) ನೋಡಬೇಕು. ಒಣಗಿ ಕಲ್ಲಾಗಿರುತ್ತದೆ. ಊರೊಳಗೆ ಓಡಿಸುವಾಗ ಗೊತ್ತೇ ಆಗಲ್ಲ. ನಾಲ್ಕೂ ಚಕ್ರಕ್ಕೆ, ಮಾಸ್ಟರಿಗೆ ಹೊಸ ಕಿಟ್ ಹಾಕಿಸಿ. ಚಕ್ರದ ಹತ್ತಿರದ ರಬ್ಬರ್ ಹೋಸುಗಳನ್ನೂ ಬದಲಿಸಿ. ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ.

ಅಂಬಿ ಮಾರ್ಕ್ ಟು

ಡ್ರೈವರ್ ಸಾಹೇಬರ ಅನುಭವಕ್ಕೆ ಗೌರವ ಇಟ್ಟೇ ಹೇಳ್ತೀನಿ, ಅಷ್ಟು ಸಲೀಸಲ್ಲ. ನನ್ನದು 1969ರ ಅಂಬಾಸಿಡರ್ ಮಾರ್ಕ್ 2, 1489 ಸಿಸಿ. ಅದರಲ್ಲೇ ಆಗುಂಬೆ ಹತ್ತುವಾಗ ಬೆವರು ಬರುತ್ತದೆ. ಪದ್ಮಿನಿ 1089 ಸಿಸಿ. ನಾಲ್ಕು ಜನ ಕೂತು, ಬ್ಯಾಗೂ ಇದ್ದರೆ ಫಸ್ಟ್ ಗೇರು ಬಿಡುವ ಹಾಗೇ ಇಲ್ಲ. ಇನ್ನು ಚಾರ್ಮಾಡಿ ಉದ್ದ ಇಳಿಜಾರು ಅಂದರೆ ಬ್ರೇಕಿಗೆ ಅಷ್ಟು ಹೊತ್ತು ಕೆಲಸ. ಕಾವು ಕೂಡುತ್ತಾ ಹೋಗುತ್ತದೆ. ಆಗುಂಬೆ ಚಿಕ್ಕದು, ಬೇಗ ಮುಗಿಯುತ್ತದೆ.

ಹಳೆ ಡ್ರೈವರ್

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕಾವು ಕೂಡುತ್ತದೆ, ಒಪ್ಪಿದೆ. ಹಾಗೆ ಇಳಿಯಬಾರದು ಅನ್ನೋದೇ ನನ್ನ ಮಾತು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಬೇಕು. ಒತ್ತು, ಬಿಡು. ಸವರಿಕೊಂಡು ಇಳಿಯಬಾರದು. ಇಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಪೆಟ್ರೋಲ್ ಉಳಿಸುವ ಬುದ್ಧಿವಂತರ ಬಗ್ಗೆ ನಾನು ಮಾತಾಡಲ್ಲ.

ಪೆಡಲ್ ಏನು ಹೇಳುತ್ತದೆ ಅಂತ ಕಲಿಯಿರಿ. ಪೆಡಲ್ ಗಟ್ಟಿಯಾಗಿದ್ದು ಕಾರು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಶೂ ಮೇಲಿನ ಲೈನರ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲೇ ಕುದಿಯುತ್ತಿದೆ, ಇಲ್ಲಾ ಎಲ್ಲೋ ಸೋರಿದೆ. ಎರಡರಲ್ಲಿ ಯಾವುದಾದರೂ ತಕ್ಷಣ ಗೇರು ಇಳಿಸಿ, ಗುಡ್ಡದ ಕಡೆಗೆ ಹಿಡಿದು ನಿಲ್ಲಿಸಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಸೀಳು ಬಿಡುತ್ತದೆ.

ಕಾರ್ಬು ಕಿಟ್ಟಿ

ಬ್ರೇಕ್ ಆಯಿಲ್ ಮಾತು ಬಂತಲ್ಲ, ಸ್ವಲ್ಪ ಸೇರಿಸ್ತೀನಿ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ ಗಾಳಿಯ ತೇವ ಹೀರಿಕೊಂಡ ಮೇಲೆ ಲೆಕ್ಕ 140ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಕೇಳಬೇಕಾ? ಒಂದು ಮಳೆಗಾಲ ಕಳೆದರೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಸಲು ಹಿಡಿಯುತ್ತದೆ. ಹೊರಡುವ ಮೊದಲು ಹಳೆ ಆಯಿಲ್ ಪೂರ್ತಿ ತೆಗೆಸಿ, ಹೊಸ ಡಬ್ಬಿ ಒಡೆದು ಹಾಕಿಸಿ.

ಎರಡನೇದು ಪೆಟ್ರೋಲು. ಈಗ ಬಂಕಿನಲ್ಲಿ ಬರೋದು 20 ಪರ್ಸೆಂಟ್ ಎಥನಾಲ್. ನಿಮ್ಮ ಕಾರು ಹುಟ್ಟಿದಾಗ ಇದರ ಸುದ್ದಿಯೇ ಇರಲಿಲ್ಲ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ, ಕಾರ್ಬುರೇಟರಿನ ಪ್ಯಾಕಿಂಗು ಮೆತ್ತಗಾಗುತ್ತವೆ. ಪೈಪನ್ನಾದರೂ ಇಂಜೆಕ್ಷನ್ ಕಾರಿಗೆ ಬರುವ ಜಾತಿಯದಕ್ಕೆ ಬದಲಿಸಿ. ಎಥನಾಲ್‌ನಲ್ಲಿ ಕಸುವು ಕಡಿಮೆ, ಮಿಶ್ರಣ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗುತ್ತದೆ, ಇಂಜಿನ್ ಒಂದು ಚೂರು ಜಾಸ್ತಿ ಕಾಯುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು, ಮೇನ್ ಜೆಟ್, ಒಂದು ನಂಬರ್ ದೊಡ್ಡದು ಹಾಕಿಸಿದರೆ ಒಳ್ಳೆಯದು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ನೀರು ಹೀರಿಕೊಂಡು ತಳದಲ್ಲಿ ಬೇರೆಯಾಗುತ್ತದೆ, ಮೊದಲು ಪಂಪಿಗೆ ಹೋಗೋದೇ ಅದು.

ನಿಮಗೆ ನಿಜವಾಗಿ ಕಾಟ ಕೊಡೋದು ಘಾಟಿ ಅಲ್ಲ, ಘಾಟಿಯ ಕೆಳಗಿನ ಸೆಕೆ. ಕಾರ್ಕಳ, ಹೆಬ್ರಿ ಕಡೆ ಮಧ್ಯಾಹ್ನ ಎಲ್ಲಾದರೂ ಊಟಕ್ಕೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ, ಒಳಗೇ ಪೆಟ್ರೋಲ್ ಆವಿಯಾಗಿ ಏರ್ ಹಿಡಿಯುತ್ತದೆ. ಕಾರು ಕೆಮ್ಮುತ್ತಾ ನಿಲ್ಲುತ್ತದೆ. ಒದ್ದೆ ಬಟ್ಟೆ ಪಂಪಿನ ಮೇಲೆ ಹಾಕಿ, ಮೇಲಿಂದ ನೀರು ಚಿಮುಕಿಸಿ ಹತ್ತು ನಿಮಿಷ ಕಾಯಿರಿ. ಬೇರೇನೂ ಮುಟ್ಟಬೇಡಿ. ಇದನ್ನು ತಿಳಿಯದೆ ಎಷ್ಟು ಜನ ಕಾರ್ಬುರೇಟರ್ ಬಿಚ್ಚಿ ರಸ್ತೆ ಬದಿಯಲ್ಲಿ ಸ್ಕ್ರೂ ಹುಡುಕಿದ್ದಾರೋ!

ಸಾಗರದ ಹುಡುಗ

ಎತ್ತರಕ್ಕೆ ಹೋದಾಗ ಜೆಟ್ ಚಿಕ್ಕದು ಮಾಡಬೇಕು ಅಂತಾರಲ್ಲ ಕಿಟ್ಟಿ ಅಣ್ಣ, ನೀವು ದೊಡ್ಡದು ಅಂತೀರಿ?

ಕಾರ್ಬು ಕಿಟ್ಟಿ

ಅದು ಹಿಮಾಲಯದ ಮಾತು. ನಮ್ಮಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಇವರ ದಾರಿ ಅದರ ಹತ್ತಿರಕ್ಕೂ ಹೋಗಲ್ಲ. ತಲೆಬಿಸಿ ಬೇಡ.

ಜೀರಿಗೆಮೆಣಸು

ನಮ್ಮನೆಯಲ್ಲೂ ಫಿಯಟ್ (ಪದ್ಮಿನಿಯ ಮೂಲ ಕಾರು) ಇದೆ, ಓಡಿಸೋದು ನಾನೇ. ಇಲ್ಲಿ ಯಾರೂ ಗೇರ್ ಲಿವರಿನ ಬಗ್ಗೆ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈ ಕಾರಿನ ಗೇರ್ ಲಿವರ್ ಇರೋದು ಸ್ಟೀರಿಂಗ್ ಪಕ್ಕದಲ್ಲಿ. ಸ್ಟೀರಿಂಗ್ ಗೇರು ಅಂದರೆ ಕಡ್ಡಿಗಳ ಮೇಲೆ ಕಡ್ಡಿ. ಬುಷ್ ಸವೆದಿದ್ದರೆ ಫಸ್ಟ್‌ನಿಂದ ಸೆಕೆಂಡಿಗೆ ಬೀಳಿಸುವಾಗ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಲಿವರ್ ಅಲ್ಲಾಡಲ್ಲ. ಆಗ ಜೋರು ಮಾಡಬಾರದು. ಬಾನೆಟ್ ತೆಗೆದು ನೋಡಿ, ಸ್ಟೀರಿಂಗ್ ಕಾಲಮ್ಮಿನ ಬುಡದಲ್ಲಿ ಎರಡು ಚಿಕ್ಕ ಲಿವರ್‌ಗಳಿರುತ್ತವೆ. ಒಂದು ಮುಂದೆ, ಒಂದು ಹಿಂದೆ ನಿಂತಿರುತ್ತದೆ. ಕೈಯಲ್ಲೇ ತಳ್ಳಿ ಎರಡನ್ನೂ ಒಂದೇ ಸಾಲಿಗೆ ತಂದರೆ ನ್ಯೂಟ್ರಲ್. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಪಕ್ಕದಲ್ಲೆಲ್ಲ ಬಿಸಿ. ಹೊರಡುವ ಮೊದಲು ಮನೆ ಅಂಗಳದಲ್ಲೇ ಒಮ್ಮೆ ಮಾಡಿ ನೋಡಿಕೊಳ್ಳಿ.

ಇನ್ನೊಂದು, ಫಸ್ಟ್ ಗೇರಿಗೆ ಸಿಂಕ್ರೋ (ಹಲ್ಲುಗಳ ವೇಗ ಹೊಂದಿಸಿ ಗೇರು ಕೂರಿಸೋ ಭಾಗ) ಇಲ್ಲ. ಓಡುವಾಗ ಸೆಕೆಂಡಿನಿಂದ ಫಸ್ಟಿಗೆ ಹಾಕಿದರೆ ಕಿರ್ ಅನ್ನುತ್ತದೆ. ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ನಮಗೆ ಒಳಮಗ್ಗುಲು, ಏರು ಅಲ್ಲೇ ಜಾಸ್ತಿ. ತಿರುವಿನ ಮಧ್ಯೆ ಉಸಿರು ಕಟ್ಟಿದ ಮೇಲೆ ಫಸ್ಟ್ ಹುಡುಕಿದರೆ ಸಿಗಲ್ಲ. ತಿರುವಿಗೆ ಮೊದಲೇ ನಿಧಾನ ಮಾಡಿ, ಡಬಲ್ ಕ್ಲಚ್ ಒತ್ತಿ, ಅಂದರೆ ನ್ಯೂಟ್ರಲಿಗೆ ತಂದು ಕ್ಲಚ್ ಬಿಟ್ಟು ಮತ್ತೆ ಒತ್ತಿ, ಹಾಕಿಕೊಳ್ಳಿ. ಬಲದ ತಿರುವು ಅಗಲ ಸಿಗುತ್ತದೆ, ಸೆಕೆಂಡಿನಲ್ಲೇ ಹೋಗುತ್ತದೆ.

ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೋ ಇದೆಯಾ, ಆಲ್ಟರ್ನೇಟರ್ ಹಾಕಿಸಿದ್ದೀರಾ? ಡೈನಮೋ ಆದರೆ ನಿಧಾನ ಹೋಗುವಾಗ ಚಾರ್ಜ್ ಮಾಡಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ ಲೈಟು, ವೈಪರು ಎರಡೂ ಹಾಕಿದರೆ ಲೈಟು ಲಾಟೀನಿನ ಹಾಗೆ ಆಗುತ್ತದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೂ ಮಂಜಿನ ತೇವ ಕೂರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಅದನ್ನು ತೆಗೆದು ಒಣ ಬಟ್ಟೆಯಲ್ಲಿ ಒರೆಸಿ.

ಹಳೆ ಡ್ರೈವರ್

ಜೀರಿಗೆಮೆಣಸು ಅವರೇ, ಎಡ ತಿರುವಿನ ಮಾತು ನೂರಕ್ಕೆ ನೂರು ಸತ್ಯ. ಹೇಳಿಕೊಟ್ಟವರು ಯಾರು?

ಜೀರಿಗೆಮೆಣಸು

ಹುಲಿಕಲ್ ಘಾಟಿ ಹೇಳಿಕೊಟ್ಟಿತು ಸರ್. ಆಗುಂಬೆಯಲ್ಲಿ ದೊಡ್ಡ ಗಾಡಿ ಬಿಡಲ್ಲ, ಅವೆಲ್ಲ ಹುಲಿಕಲ್‌ಗೇ ಬರುತ್ತವೆ. ಲಾರಿ ಹಿಂದೆ ಸಿಕ್ಕಿಕೊಂಡು ಚಂಡಿಕಾಂಬ ಗುಡಿವರೆಗೆ ಫಸ್ಟ್ ಗೇರಿನಲ್ಲೇ ತೆವಳಿದರೆ ಯಾರಿಗಾದರೂ ಬುದ್ಧಿ ಬರುತ್ತದೆ.

ಕೊಪ್ಪದ ಕಾಫಿ

ಕಳಸ, ಕುದುರೆಮುಖ ಮೇಲೆ ಹೋಗೋಣ ಅಂತ ಯಾರಾದರೂ ಆಸೆ ಹುಟ್ಟಿಸಬಹುದು. ರಸ್ತೆ ಚೆಂದ, ಸುಳ್ಳಲ್ಲ. ಆದರೆ ಅದು ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುವ ದಾರಿ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಮಧ್ಯೆ ನಿಲ್ಲಿಸೋ ಹಾಗಿಲ್ಲ. ಹಳೆ ಕಾರಿಗೆ ಬೇಕಾದಾಗ ನಿಲ್ಲುವ ಸ್ವಾತಂತ್ರ್ಯ ಇರಬೇಕು. ಬಾನೆಟ್ ಎತ್ತಿಕೊಂಡು ನಿಂತವರಿಗೆ ಗಾರ್ಡಿಗೆ ವಿವರಣೆ ಕೊಡೋದೇ ಒಂದು ಕೆಲಸ.

ಡ್ರೈವರ್ ಅವರು ಹೇಳಿದ ಹಾಗೆ ಕೊಪ್ಪ, ಜಯಪುರ, ಬಾಳೆಹೊನ್ನೂರು, ಮಾಗುಂಡಿ, ಕೊಟ್ಟಿಗೆಹಾರ ಸರಿ. ದಾರಿಯಲ್ಲಿ ಕುಪ್ಪಳ್ಳಿಯ ಕವಿಮನೆ ನೋಡಿಕೊಂಡು ಹೋಗಿ, ಕಾರಿಗೂ ವಿಶ್ರಾಂತಿ. ಧರ್ಮಸ್ಥಳದಿಂದ ಬರುವಾಗ ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳ, ಹೆಬ್ರಿ, ಸೋಮೇಶ್ವರ. ಪೆಟ್ರೋಲ್ ಕಾರ್ಕಳದಲ್ಲೇ ಹಾಕಿಸಿಕೊಳ್ಳಿ.

ರೂಲ್ಸ್ ರಾಯರು

ಒಂದು ಕಾಗದದ ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಗಿರಬಾರದು. ನಂಬರಿನಲ್ಲಿ "ವಿಎ" ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಹಾಗೆ ಮಾಡಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ.

ಗಾಜನೂರಿನವರ 1978ರ ಕಾರಿಗೆ ಈ ಪ್ರಶ್ನೆ ಇನ್ನೂ ಬಂದಿಲ್ಲ. ಮಾಮೂಲಿ ಆರ್‌ಸಿ 5 ವರ್ಷಕ್ಕೊಮ್ಮೆ ನವೀಕರಿಸಿದ್ದರೆ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಇದ್ದರೆ ಧೈರ್ಯವಾಗಿ ಹೋಗಿ. ಮಾರ್ಕ್ ಟು ಅವರು ಮಾತ್ರ ಆ ನಂಬರಿನ ಆಸೆಗೆ ಬೀಳುವ ಮೊದಲು ಯೋಚಿಸಿ.

ಅಂಬಿ ಮಾರ್ಕ್ ಟು

ನನ್ನ ಕಾರಿಗೆ ಹಳೆ ನಂಬರೇ ಚೆಂದ ರಾಯರೇ. ತರಕಾರಿ ತರೋಕೂ ಅದರಲ್ಲೇ ಹೋಗ್ತೀನಿ.

ಗಾಜನೂರಿನವ

ಎಲ್ಲರಿಗೂ ಧನ್ಯವಾದ. ದಿಕ್ಕು ಬದಲಿಸಿದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಸಿಲಿಂಡರ್ ಬಿಚ್ಚಿದರೆ ಡ್ರೈವರ್ ಸರ್ ಹೇಳಿದ್ದೇ. ಎಡಗಡೆ ಮುಂದಿನ ರಬ್ಬರ್ ಕಪ್‌ನ ಅಂಚು ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಒಳಗೆ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಎಲ್ಲ ಕಿಟ್ ಬದಲಾಯಿತು. ಹಿಂದಿನ ಬಲಗಡೆ ಸಿಲಿಂಡರಿನಲ್ಲಿ ಸಣ್ಣ ಗೀರು ಇದೆ, ಪಾಲಿಶ್ ಮಾಡಿ ಕೂರಿಸಿದ್ದಾರೆ. ಪೆಟ್ರೋಲ್ ಪೈಪೂ ಹೊಸದು. ರೇಡಿಯೇಟರ್ ಹಾಗೇ ಬಿಟ್ಟೆ, ಒಳಗೆ ತೊಳೆಸಿ ಫ್ಯಾನ್ ಬೆಲ್ಟ್ ಬದಲಿಸಿದೆ ಅಷ್ಟೇ.

ಗಾಜನೂರಿನವ

ಹೋಗಿ ಬಂದೆವು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೊಪ್ಪದವರೆಗೆ ಹೇಳುವಂಥದ್ದೇನಿಲ್ಲ. ಬಾಳೆಹೊನ್ನೂರಿನಲ್ಲಿ ಭದ್ರಾ ಸೇತುವೆ ದಾಟಿದ ಮೇಲೆ ಕಾಫಿ ತೋಟದ ನೆರಳು, ಕಾರು ತಾನಾಗಿ ಹಾಡುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ನಿಧಾನ ಮಾಡಿದೆವು, ಮಂಜು ಏಳಲಿ ಅಂತ.

ಚಾರ್ಮಾಡಿ ಇಳಿಯುವಾಗ ಸೆಕೆಂಡ್ ಗೇರು ಬಿಡಲಿಲ್ಲ. ಇಂಜಿನ್ ಗುಂಯ್ ಅನ್ನುತ್ತದೆ, ಹಿಂದೆ ಕಾರಿನವರು ಹಾರ್ನ್ ಹೊಡೆಯುತ್ತಾರೆ. ಅಪ್ಪ ಕಿಟಕಿಯಿಂದ ಕೈ ಹಾಕಿ ಎಲ್ಲರಿಗೂ ಮುಂದೆ ಹೋಗಿ ಅಂತ ಸೈಡ್ ಕೊಡುತ್ತಾ ಕೂತಿದ್ದರು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಇಳಿದು ಕೈ ಮುಗಿದು, ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಬೆಚ್ಚಗಿತ್ತು, ವಾಸನೆ ಇರಲಿಲ್ಲ. ಪೆಡಲ್ ಮೇಲಿಂದ ಕೆಳಗಿನವರೆಗೂ ಒಂದೇ ಥರ ಇತ್ತು. ಮಾರ್ಕ್ ಟು ಸರ್, ಉದ್ದ ಇಳಿಜಾರಾದರೂ ಬ್ರೇಕಿಗೆ ಕೆಲಸವೇ ಕಡಿಮೆ ಬಿತ್ತು.

ಮಂಜೂಷಾದಲ್ಲಿ ಅಪ್ಪ ಹೊರಗೆ ಬರೋಕೇ ಒಪ್ಪಲಿಲ್ಲ. ಅಮ್ಮನಿಗೆ ದೇವರ ದರ್ಶನಕ್ಕಿಂತ ಅಪ್ಪನನ್ನು ಹೊರಗೆ ಕರೆತರುವ ಕ್ಯೂ ದೊಡ್ಡದಾಯಿತು.

ಬರುವಾಗ ಕಿಟ್ಟಿ ಅವರ ಮಾತು ನಿಜವಾಯಿತು. ಹೆಬ್ರಿಯಲ್ಲಿ ಊಟ ಮುಗಿಸಿ ಹೊರಟು ಸ್ವಲ್ಪ ದೂರಕ್ಕೇ ಕೆಮ್ಮಿ ನಿಂತಿತು. ಒದ್ದೆ ಟವೆಲ್ ಪಂಪಿನ ಮೇಲೆ ಹಾಕಿದೆ. ಚುರ್ ಅಂತ ಹಬೆ ಬಂತು. ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಸ್ಟಾರ್ಟ್ ಆಯಿತು.

ಆಗುಂಬೆ ಬಿಸಿಲು ಇಳಿದ ಮೇಲೆ ಹತ್ತಿದೆವು. ಎಡ ತಿರುವಿಗೆಲ್ಲ ಮೊದಲೇ ಫಸ್ಟ್. ಅರ್ಧಕ್ಕಿಂತ ಮೇಲೆ ಒಂದು ತಿರುವು ದಾಟಿ ಸೆಕೆಂಡಿಗೆ ಎಳೆದರೆ ಲಿವರ್ ಸಿಕ್ಕಿಕೊಂಡಿತು. ಹಿಂದೆ ಮಿನಿ ಬಸ್ಸು. ನಾನು ಇಳಿಯುವ ಮೊದಲೇ ಅಪ್ಪ ಇಳಿದು, ಮರದ ತುಂಡು ಹಿಂದಿನ ಚಕ್ರಕ್ಕೆ ಕೊಟ್ಟಾಗಿತ್ತು. ಬಾನೆಟ್ ತೆಗೆದು, ಪಂಚೆಯ ತುದಿಯಲ್ಲೇ ಹಿಡಿದು ಆ ಚಿಕ್ಕ ಲಿವರ್ ತಳ್ಳಿದರು. ಟಕ್ ಅಂತು. ನನಗೆ ಅಂಗಳದಲ್ಲಿ ಕಲಿಯೋಕೆ ಹೇಳಿದ್ದರು, ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ತಲೆ ಹೊರಗೆ ಹಾಕಿ "ಯಾವ ವರ್ಷದ್ದು ಯಜಮಾನ್ರೆ?" ಅಂತ ಮಾತ್ರ ಕೇಳಿದರು. ನೀರಿನ ಕಾವು ಮೀಟರಿನಲ್ಲಿ ಮುಕ್ಕಾಲು ದಾಟಲಿಲ್ಲ.

ತಿರುವಿನಲ್ಲಿ ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಹಾಕುವವರಿಗೆ ಒಂದು ಮಾತು: ದಯವಿಟ್ಟು ಬೇಡ. ಅವು ರಸ್ತೆಗೇ ಬಂದು ಕೂರುತ್ತವೆ. ಡ್ರಮ್ ಬ್ರೇಕಿನ ಕಾರಿನವರ ಕಷ್ಟ ನಿಮಗೆ ಗೊತ್ತಾಗಲ್ಲ.

ಅಂಬಿ ಮಾರ್ಕ್ ಟು

ಚಾರ್ಮಾಡಿ ವಿಷಯ ಒಪ್ಪಿದೆ. ಆದರೆ ಲಾರಿಯೊಂದು ಮುಂದೆ ಸಿಕ್ಕಿ ಅದರ ವೇಗಕ್ಕೇ ಇಳಿಯಬೇಕಾಗಿದ್ದರೆ ಏನಾಗುತ್ತಿತ್ತು ಅನ್ನೋದು ನನಗಿನ್ನೂ ಅನುಮಾನ. ಲೀಟರಿಗೆ ಎಷ್ಟು ಕೊಟ್ಟಿತು?

ಗಾಜನೂರಿನವ

ಹನ್ನೊಂದರ ಆಸುಪಾಸು. ಘಾಟಿ ಲೆಕ್ಕ ಹಾಕಿದರೆ ಮೋಸ ಇಲ್ಲ.

ಹಳೆ ಡ್ರೈವರ್

ಲಾರಿ ಸಿಕ್ಕರೆ ಗುಡ್ಡದ ಕಡೆ ನಿಲ್ಲಿಸಿ ಅದನ್ನು ಮುಂದೆ ಬಿಟ್ಟು ಕಾಯೋದು. ಹಳೆ ಕಾರಿನವರಿಗೆ ಅವಸರ ಏನು? ಗಾಜನೂರಿನವರೇ, ಬಂದ ಮೇಲೆ ಆ ಪಾಲಿಶ್ ಮಾಡಿದ ಸಿಲಿಂಡರ್ ನೋಡಿದಿರಾ?

ಗಾಜನೂರಿನವ

ನಿನ್ನೆ ಚಕ್ರ ಬಿಚ್ಚಿಸಿದೆ. ರಬ್ಬರ್ ಬೂಟಿನ ಒಳಗೆ ಜಿಡ್ಡು ಕಾಣುತ್ತಿದೆ. ಶೂ ಇನ್ನೂ ಒಣಗಿದೆ. ಸಿಲಿಂಡರೇ ಹೊಸದು ಬೇಕು ಅಂದರು ಮೇಸ್ತ್ರಿ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಕೇಳಿದೆ, ಸಿಗಲಿಲ್ಲ.

ಜೀರಿಗೆಮೆಣಸು

ನಮ್ಮ ಅಟ್ಟದಲ್ಲಿ ಒಂದು ಡಬ್ಬಿ ಇದೆ, ಹಳೆ ಸ್ಟಾಕು. ಎಡಗಡೆಯದೋ ಬಲಗಡೆಯದೋ ನೋಡಿ ಹೇಳ್ತೀನಿ. ಅಲ್ಲಿವರೆಗೆ ಕಾರು ಹೊರಗೆ ತೆಗೀಬೇಡಿ.